ಹಾರ್ನ್ ಮಿಡ್‌ರೇಂಜಿಗೆ ಡ್ರೈವರ್: ವ್ಯಾಟ್ ಬಿಡಿ, ಭಾಗಾಕಾರ ಮಾಡಿ

ಹಾಸನದ ಅಂಗಡಿಯಲ್ಲಿ ಆರೂವರೆ ಇಂಚಿನ ಸ್ಪೀಕರ್ ಕೇಳಿದರೆ ‘ಎಷ್ಟು ವ್ಯಾಟಿಂದು ಬೇಕು?’ ಅಂತಾರೆ. ಮಿಡ್‌ರೇಂಜಿಗೆ (ಮಧ್ಯದ ಸ್ವರಗಳಿಗೆ) ಹಾರ್ನ್, ಅಂದರೆ ಸ್ಪೀಕರಿನ ಮುಂದೆ ಕೂರಿಸುವ ಕಹಳೆಯಾಕಾರದ ಕೊಳವೆ, ಕಟ್ಟುವವರಿಗೆ ಅದು ಕೊನೆಯ ಪ್ರಶ್ನೆ. ಡ್ರೈವರಿನ (ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರಿನ) ಡೇಟಾಶೀಟ್ ತೆಗೆಯಿರಿ. ಎಫ್‌ಎಸ್ ಎಂದರೆ ಕೋನು ತಾನಾಗಿ ಅನುರಣಿಸುವ ಆವರ್ತನ, ಹರ್ಟ್ಸ್‌ನಲ್ಲಿ; ಕ್ಯೂಇಎಸ್ ಎಂದರೆ ಆ ಅನುರಣನದ ಮೇಲೆ ಮ್ಯಾಗ್ನೆಟ್ಟಿನ ಹಿಡಿತ ತೋರಿಸುವ ಸಂಖ್ಯೆ, ಕಡಿಮೆಯಿದ್ದಷ್ಟೂ ಹಿಡಿತ ಹೆಚ್ಚು. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ, ಎರಡರಿಂದ ಗುಣಿಸಿ. ಬಂದ ಆವರ್ತನದಿಂದ ಮೇಲೆ ಕೋನಿನ ತೂಕವೇ ಸದ್ದನ್ನು ಆಕ್ಟೇವ್‌ಗೆ (ಆವರ್ತನ ಇಮ್ಮಡಿಯಾದಾಗಲೆಲ್ಲ) 6 ಡಿಬಿಯಂತೆ ಇಳಿಸುತ್ತದೆ.

ಎಫ್‌ಎಸ್ 55, ಕ್ಯೂಇಎಸ್ 0.45 ಇರುವ ರಬ್ಬರ್ ಅಂಚಿನ ಹೈಫೈ ಡ್ರೈವರ್ ಲೆಕ್ಕ ಹಾಕಿ: 244 ಹರ್ಟ್ಸ್. 300 ಹರ್ಟ್ಸ್ ಹಾರ್ನ್ ಕೆಲಸ ಶುರು ಮಾಡುವ ಮೊದಲೇ ಅದು ಸೋತಿರುತ್ತದೆ. ಎಫ್‌ಎಸ್ 120, ಕ್ಯೂಇಎಸ್ 0.25 ಇದ್ದರೆ 960. ಹಗುರ ಕಾಗದದ ಕೋನು, ನೆರಿಗೆ ಬಟ್ಟೆಯ ಅಂಚು, ದಪ್ಪ ಮ್ಯಾಗ್ನೆಟ್ಟಿನ ಪಿಎ (ಸಭೆ-ಸಮಾರಂಭದ ಧ್ವನಿವರ್ಧಕದ) ಡ್ರೈವರ್‌ಗಳಲ್ಲಿ ಇಂಥವು ಸಿಗುತ್ತವೆ.

ಈ 960ರ ಡ್ರೈವರಿನ ವಿಎಎಸ್ (ಕೋನನ್ನು ಹಿಡಿದಿರುವ ಅಂಚು-ಸ್ಪ್ರಿಂಗಿನಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣ) 6 ಲೀಟರ್ ಎಂದಿಟ್ಟುಕೊಳ್ಳಿ. ಗಂಟಲಿನ (ಹಾರ್ನಿನ ಕಿರಿದಾದ ತುದಿಯ) ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ., ಅಂದರೆ 6.5 ಸೆಂ.ಮೀ. ವ್ಯಾಸ. ಕೋನು 132 ಚದರ ಸೆಂ.ಮೀ. ಇದ್ದರೆ ಒತ್ತಡದ ಅನುಪಾತ (ಕೋನು ಭಾಗಿಸು ಗಂಟಲು) 4. ಕಾಗದದ ಕೋನಿಗೆ ಅದಕ್ಕಿಂತ ಮೇಲೆ ಹೋಗಬೇಡಿ, ಜೋರಾಗಿ ನುಡಿಸಿದರೆ ಕೋನು ಬಾಗುತ್ತದೆ. 300 ಹರ್ಟ್ಸ್‌ಗೆ ಬಾಯಿ (ಅಗಲವಾದ ತುದಿ) 36.5 ಸೆಂ.ಮೀ. ವ್ಯಾಸ, ಎಕ್ಸ್‌ಪೊನೆನ್ಶಿಯಲ್ (ಸಮ ದೂರಕ್ಕೆ ಸಮ ಪಟ್ಟು ವಿಸ್ತೀರ್ಣ ಹಿಗ್ಗುವ) ಹಾರ್ನ್ ಉದ್ದ 31.5 ಸೆಂ.ಮೀ. ಕ್ರಾಸ್‌ಓವರ್ (ಬಾಸ್ ಸ್ಪೀಕರಿನಿಂದ ಹಾರ್ನಿಗೆ ಸದ್ದು ಹಸ್ತಾಂತರವಾಗುವ ಆವರ್ತನ) ಮಾತ್ರ 400ರ ಆಸುಪಾಸಿನಲ್ಲಿರಲಿ.

ಹೆಚ್ಚಿನವರು ಎಡವುವುದು ಕೋನಿನ ಮುಂದಿನ ಗುಳಿಯಲ್ಲಿ. ಅಲ್ಲಿ 120 ಮಿಲಿ ಗಾಳಿ ಉಳಿದರೂ ಸಾಕು, 3000 ಹರ್ಟ್ಸ್‌ನ ಮೇಲಿನದೆಲ್ಲ ಮಂಕಾಗುತ್ತದೆ. ‘ಡ್ರೈವರ್ ಸರಿಯಿಲ್ಲ’ ಎಂದು ಎರಡನೆಯದು ಕೊಳ್ಳುವ ಮುನ್ನ ಮರದ ಫೇಸ್ ಪ್ಲಗ್ (ಕೋನಿನ ಮುಂದೆ ಕೂರುವ ಗಟ್ಟಿ ಬಿರಡೆ) ಕಡೆಸಿ ಗುಳಿ ತುಂಬಿಸಿ. ಕೋನು ಪೂರ್ತಿ ಮುಂದೆ ಬಂದಾಗಲೂ ತಾಗದಷ್ಟು ಜಾಗ ಬಿಡಿ.

ಕೋನಿನ ಹಿಂದಿನ ಮುಚ್ಚಿದ ಕೋಣೆ 1.1 ಲೀಟರ್ ಸಾಕು. ಅನುರಣನ 300ರ ಹತ್ತಿರಕ್ಕೆ ಏರಿ ಹಾರ್ನಿಗೆ ಹೊಂದಿಕೊಳ್ಳುತ್ತದೆ. ಗಾಳಿ ಸೋರಿದರೆ ಈ ಲೆಕ್ಕವೆಲ್ಲ ಹಾಳು.

ಜಾತ್ರೆಯ ಮೈಕ್‌ಸೆಟ್ಟಿನ ಹಾರ್ನ್ ಯೂನಿಟ್ ಅಗ್ಗಕ್ಕೆ ಸಿಕ್ಕಿತೆಂದು ಇದಕ್ಕೆ ಹಾಕಬೇಡಿ. ಅದು ಮಾತು ದೂರ ಕೇಳಲೆಂದೇ ಮಾಡಿದ್ದು. ಕೆಲವುದರೊಳಗೆ 100 ವೋಲ್ಟ್ ಲೈನಿನ (ಉದ್ದ ತಂತಿಯಲ್ಲಿ ಹಲವು ಸ್ಪೀಕರ್ ಜೋಡಿಸುವ ವ್ಯವಸ್ಥೆಯ) ಟ್ರಾನ್ಸ್‌ಫಾರ್ಮರ್ ಬೇರೆ ಕೂತಿರುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ತಲೆನೋವು ಮಳೆಗಾಲ. ಕಾಗದದ ಕೋನು ತೇವ ಹೀರಿ ತೂಕ ಏರಿಸಿಕೊಂಡರೆ ಆ 960 ಕೆಳಗಿಳಿಯುತ್ತದೆ. ಲೇಪ ಹಚ್ಚಿದ ಕೋನನ್ನೇ ಕೇಳಿ. ತೋಟದ ಸಿಲ್ವರ್ ಓಕ್ ಹಲಗೆ ಪುಕ್ಕಟೆ ಸಿಕ್ಕರೂ ಒಣಗದಿದ್ದರೆ ಸೊಟ್ಟಗಾಗುತ್ತದೆ. ಐಎಸ್ 710 ಮೆರೈನ್ ಪ್ಲೈ ದುಬಾರಿಯಾದರೂ ಗಂಟಲಿನ ಕೀಲು ಬಿಡುವುದಿಲ್ಲ.