ಹತ್ತೊಂಬತ್ತನೇ ಗೇಟಿನ ಮಂದಿ

ನಮ್ಮದು ಗಂಗಾವತಿ ಕಡೆಯ ಹಳ್ಳಿ. ಎಡದಂಡೆ ಕಾಲುವೆ ಇಲ್ಲದಿದ್ದರೆ ಇಲ್ಲಿ ಭತ್ತವೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಾಟಿಯ ಹೊತ್ತು ಬೇರೆ. "ಈ ಸಲ ಭತ್ತ ಕೈಗೆ ಬರೂದಿಲ್ಲ ತಮ್ಮಾ" ಎಂದು ಅಪ್ಪ ಕಟ್ಟೆ ಮೇಲೆ ಕೂತುಬಿಟ್ಟರು.

ಡ್ಯಾಮಿಗೆ ಇರುವುದು 33 ಗೇಟು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಖಾಲಿ ಮಾಡಿಯೇ ಹೊಸ ಗೇಟು ಕೂರಿಸಬೇಕು ಎಂಬ ಮಾತು ಮೊದಲು ಬಂತು. ಖಾಲಿ ಮಾಡಿದರೆ ನಮಗೇನು ಉಳಿಯುತ್ತಿತ್ತು? ಗೇಟುಗಳ ವಿಷಯದಲ್ಲಿ ಅನುಭವಿಯಾದ ಕನ್ನಯ್ಯ ನಾಯ್ಡು ಅವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲು ಹೊರಟರು. ಅಂದರೆ ಇಡೀ ಗೇಟಿನ ಬದಲು ಉದ್ದನೆಯ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಕೂರಿಸುವುದು. ಆಗಸ್ಟ್ 16ರಂದು ಮೊದಲನೆಯದು ಕೂತಿತು. ಮರುದಿನ ಉಳಿದವು.

ನಾಯ್ಡು ಅವರ ಫೋಟೋ ಪೇಪರಿನಲ್ಲಿ ಬಂತು, ಬರಲೇಬೇಕು ಬಿಡಿ. ಆದರೆ ನನಗೆ ಜಾಸ್ತಿ ನೆನಪಾಗುವುದು ಹೆಸರೇ ಗೊತ್ತಿಲ್ಲದ ವೆಲ್ಡರ್‌ಗಳು, ಕ್ರೇನ್ ನಡೆಸಿದವರು. ಕೆಳಗೆ ಅಷ್ಟು ನೀರು ಭೋರ್ಗರೆಯುವಾಗ ಆ ಗೇಟಿನ ಪಕ್ಕ ನಿಂತು ಕೆಲಸ ಮಾಡುವುದು ಸುಮ್ನೆ ಮಾತಲ್ಲ. ನಾನಂತೂ ಸೇತುವೆ ಮೇಲಿಂದ ಬಗ್ಗಿ ನೋಡಲೂ ಹೆದರುವವನು!

ಊರಲ್ಲಿ ನಟರಿಗೆ ಎಷ್ಟೊಂದು ಬ್ಯಾನರ್ ಕಟ್ಟುತ್ತೇವೆ, ಅಲ್ವಾ? ಈ ಮಂದಿಗೆ ಒಂದೂ ಕಟ್ಟಲಿಲ್ಲ. ಆ ವರ್ಷ ಕಾಲುವೆಗೆ ನೀರು ಬಂತು, ಎರಡನೇ ಬೆಳೆಗೂ ಸಿಕ್ಕಿತು.