ಅರಸರು ಬಿಟ್ಟುಹೋದ ಊರುಗಳು: ನಕ್ಷೆಯ ಕೆಲಸ ಎಲ್ಲಿಗೆ ಬಂತು

ಸಾಗರದ ಕಡೆಯವರು ಶ್ರೀಲಂಕಾಕ್ಕೋ ಥಾಯ್ಲೆಂಡಿಗೋ ಹೋಗಿಬಂದರೆ ಮೊಬೈಲ್ ತುಂಬ ಕಡಲೇ ಇರುತ್ತದೆ. ಬೆಂತೋಟ, ಮಿರಿಸ್ಸ, ಪುಕೆಟ್, ಪಟ್ಟಾಯ. ಘಟ್ಟ ಇಳಿದರೆ ಹೊನ್ನಾವರ, ಮುರುಡೇಶ್ವರ ಸಿಗುವ ನಮಗೆ ಅಲೆ, ಮರಳು ಹೊಸದೇನಲ್ಲ. ಆ ದೇಶಗಳಲ್ಲಿ ಮಲೆನಾಡಿನವರು ನೋಡಲೇಬೇಕಾದದ್ದು ಒಳನಾಡಿನ ಹಳೆಯ ರಾಜಧಾನಿಗಳು. ನಾನು ಬರೆಯುತ್ತಿರುವ ನಕ್ಷೆಗಳ ಪುಸ್ತಕ ಬೆಳೆಯುತ್ತಿರುವುದೂ ಅವುಗಳ ಸುತ್ತಲೇ.

ಕೆಲಸ ಶುರುವಾದದ್ದು ನಮ್ಮ ಮೂರು ಊರುಗಳಿಂದ. ಇಲ್ಲಿ ಆಳುತ್ತಿದ್ದ ನಾಯಕ ಅರಸರು ಗದ್ದುಗೆಯೊಂದಿಗೆ ಕೆಳದಿಯಿಂದ ಇಕ್ಕೇರಿಗೆ ಹೋದರು. ಇಕ್ಕೇರಿ ಬಿಜಾಪುರದ ದಾಳಿಗೆ ಸಿಕ್ಕಮೇಲೆ ಬಿದನೂರಿಗೆ ಹೋದರು. ಬಿದನೂರು 1763ರಲ್ಲಿ ಹೈದರಾಲಿಯ ಕೈಸೇರಿತು. ಇಂದು ಆ ಊರಿನ ಹೆಸರೇ ನಗರ. ಗದ್ದುಗೆ ಎದ್ದುಹೋದ ಊರಿನ ಮೇಲೆ ಮತ್ತೊಂದು ದೊಡ್ಡ ಪೇಟೆ ಏಳಲಿಲ್ಲ. ಕೆರೆ ಎಲ್ಲಿತ್ತು, ಗುಡಿಯನ್ನು ಅಲ್ಲೇ ಏಕೆ ಕಟ್ಟಿದರು, ಕೋಟೆಯ ಬಾಗಿಲು ಯಾವ ದಾರಿಯನ್ನು ಕಾಯುತ್ತಿತ್ತು ಎಂಬುದೆಲ್ಲ ನಡೆದು ನೋಡಿದರೆ ಇವತ್ತಿಗೂ ತಿಳಿಯುತ್ತದೆ. ಶ್ರೀಲಂಕಾದ ಅನುರಾಧಪುರ, ಥಾಯ್ಲೆಂಡಿನ ಅಯುತ್ತಾಯಗಳಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಗುಣ.

ಎಲ್ಲ ಹಾಳೆಗಳಿಗೂ ಒಂದೇ ಅಳತೆ: ಒಂದು ಸೆಂಟಿಮೀಟರಿಗೆ ನೂರು ಮೀಟರ್. ಮೊದಲು ನೀರು ಬರೆಯಬೇಕು, ಆಮೇಲೆ ಗೋಡೆ, ಅರಮನೆ ಮತ್ತು ಗುಡಿ ಕೊನೆಗೆ. ನೀರನ್ನು ಮೊದಲು ಬರೆದರೆ ಉಳಿದದ್ದು ಅಲ್ಲಿಗೇ ಏಕೆ ಬಂತು ಎಂಬುದು ತಾನಾಗಿ ಅರ್ಥವಾಗುತ್ತದೆ.

ಅನುರಾಧಪುರ (ಹಾಳೆ ಮುಗಿದಿದೆ)

ಇಲ್ಲಿಗೆ ಹೋಗಲು ನಮ್ಮ ಮಳೆಗಾಲವೇ ಅನುಕೂಲದ ಕಾಲ. ಆಗುಂಬೆಯಲ್ಲಿ ಮುಸಲಧಾರೆ ಸುರಿಯುವಾಗ ಅನುರಾಧಪುರದ ಕಡೆ ನೆಲ ಒಣಗಿರುತ್ತದೆ. ಆ ಸೀಮೆಗೆ ದೊಡ್ಡ ಮಳೆ ಬರುವುದು ಸುಮಾರಾಗಿ ಅಕ್ಟೋಬರಿನಿಂದ ಜನವರಿಯವರೆಗೆ. ನಾಟಿ ಮುಗಿಸಿ ಆಗಸ್ಟಿನಲ್ಲಿ ಹೊರಡಬಹುದು. ಸ್ತೂಪಗಳ ಆವರಣದಲ್ಲಿ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಬೆಳಗಿನ ಜಾವವೇ ಹೋಗಿ.

ಜೇತವನಾರಾಮ ಸ್ತೂಪದ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಿಲ್ಲಲೇಬೇಕು. ಮಹಾಸೇನ ಅರಸನ ಕಾಲದಲ್ಲಿ, ಅಂದರೆ 3ನೆಯ ಶತಮಾನದ ಕೊನೆಯ ಹೊತ್ತಿಗೆ, ಆರಂಭವಾದ ಈ ಇಟ್ಟಿಗೆಯ ರಾಶಿ ಒಂದು ಕಾಲಕ್ಕೆ ಸುಮಾರು 122 ಮೀಟರ್ ಎತ್ತರವಿತ್ತು. ಆದರೂ ನನ್ನ ಹಾಳೆಯಲ್ಲಿ ಹೆಚ್ಚು ಜಾಗ ಪಡೆದದ್ದು ಒಂದು ಕಾಲುವೆ. 5ನೆಯ ಶತಮಾನದಲ್ಲಿ ಧಾತುಸೇನ ಅರಸ ಕಲಾ ವೆವ ಎಂಬ ದೊಡ್ಡ ಕೆರೆ ಕಟ್ಟಿಸಿದ. ಅಲ್ಲಿಂದ ಅನುರಾಧಪುರದ ತಿಸ್ಸ ವೆವಕ್ಕೆ ಸುಮಾರು 87 ಕಿಲೋಮೀಟರ್ ಉದ್ದದ ಜಯಗಂಗಾ ಕಾಲುವೆ ನೀರು ತರುತ್ತದೆ. ಅದರ ಮೊದಲ 27 ಕಿಲೋಮೀಟರಿನಲ್ಲಿ ಇಳಿಜಾರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರಿನಷ್ಟು ಮಾತ್ರ!

ಜೊತೆಗೆ ಬಂದಿದ್ದ ನಮ್ಮ ಭಾವ ಅಡಿಕೆ ಬೆಳೆಗಾರರು. ತೋಟದ ಬಸಿಗಾಲುವೆಗೆ ಮಟ್ಟ ಹಿಡಿದು ಪಳಗಿದ ಕೈ. ಕಾಲುವೆಯ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಒಂದು ಒಣಗಿದ ಎಲೆ ನೀರಿಗೆ ಬಿಟ್ಟರು. ಎಲೆ ನಿಂತಲ್ಲೇ ನಿಂತಂತೆ ಕಾಣಿಸಿತು. ಸ್ವಲ್ಪ ಹೊತ್ತಿನ ಮೇಲೆ ದಡದ ಬೇರನ್ನು ದಾಟಿತ್ತು.

“ಭಾವ, ನೋಡಿ, ಹೋಗುತ್ತಿದೆ. ನಾವು ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಎರಡು ಕಡೆ ಹಿಡಿದು ಮಟ್ಟ ನೋಡುತ್ತೇವೆ. ಆದರೂ ನೂರು ಮಾರಿನಲ್ಲಿ ಎಲ್ಲಾದರೂ ನೀರು ಮಡುಗಟ್ಟುತ್ತದೆ. ಇವರು ಏನು ಹಿಡಿದು ನೋಡಿದರು?” ಎಂದರು.

“ಅದನ್ನೇ ನಾನೂ ನಿಮ್ಮ ಹತ್ತಿರ ಕೇಳೋಣ ಎಂದುಕೊಂಡೆ ಭಾವ” ಎಂದೆ.

ಆಮೇಲೆ ಅವರು ಸ್ತೂಪಗಳಿಗಿಂತ ತೂಬುಗಳನ್ನೇ ಹುಡುಕಿಕೊಂಡು ಹೋದರು. ಅಭಯಗಿರಿ ವಿಹಾರದ ಕುಟ್ಟಂ ಪೊಕುಣದಲ್ಲಿ, ಭಿಕ್ಷುಗಳಿಗಾಗಿ ಕಟ್ಟಿದ ಜೋಡಿ ಕೊಳಗಳಲ್ಲಿ, ನಮ್ಮಿಬ್ಬರ ಬೆಳಗು ಪೂರ್ತಿ ಕಳೆಯಿತು. ಹೊರಗಿನಿಂದ ಬಂದ ನೀರು ನೇರವಾಗಿ ಕೊಳಕ್ಕೆ ಬೀಳುವುದಿಲ್ಲ. ಪಕ್ಕದಲ್ಲಿ ಒಂದು ಚಿಕ್ಕ ಕಲ್ಲಿನ ತೊಟ್ಟಿ ಇದೆ. ಕೆಸರು ಅಲ್ಲಿ ತಳಕ್ಕೆ ಕೂರುತ್ತದೆ, ತಿಳಿನೀರು ಮಾತ್ರ ಮುಂದೆ ಹರಿಯುತ್ತದೆ. ನಮ್ಮ ಬಿದನೂರು ನಗರದ ಹತ್ತಿರದ ದೇವಗಂಗೆಯಲ್ಲಿ ಗುಡ್ಡದ ನೀರನ್ನು ಕೊಳದಿಂದ ಕೊಳಕ್ಕೆ ಹಾಯಿಸಿದ್ದಾರಲ್ಲ, ಅದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡನ್ನೂ ಎದುರುಬದುರು ಪುಟಗಳಲ್ಲಿ, ದೊಡ್ಡ ಅಳತೆಯಲ್ಲಿ ಬೇರೆಯಾಗಿ ಬರೆದಿದ್ದೇನೆ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಪ್ರೀತಿಯ ಪುಟಗಳು ಅವೇ.

ಪೊಲೊನ್ನರುವ (ಅರ್ಧ)

ಚೋಳರು 993ರಲ್ಲಿ ಅನುರಾಧಪುರವನ್ನು ಹಾಳುಗೆಡವಿ ಪೊಲೊನ್ನರುವದಿಂದ ಆಳಿದರು. ಅವರ ಕಾಲದ ಕಲ್ಲಿನ ಶಿವಾಲಯ ಇಂದಿಗೂ ನಿಂತಿದೆ. ಸಿಂಹಳದ ಅರಸ ವಿಜಯಬಾಹು 1070ರಲ್ಲಿ ಅವರನ್ನು ಓಡಿಸಿದ, ಆದರೆ ರಾಜಧಾನಿ ಹಿಂದಿರುಗಲಿಲ್ಲ. 12ನೆಯ ಶತಮಾನದ ಪರಾಕ್ರಮಬಾಹುವಿನ ಹೆಸರು ಹೊತ್ತ ಪರಾಕ್ರಮ ಸಮುದ್ರದ ಏರಿ ಸುಮಾರು 14 ಕಿಲೋಮೀಟರ್ ಉದ್ದ. ನನ್ನ ಅಳತೆಗೆ ಅದು ಒಂದೂಕಾಲು ಮೀಟರಿಗಿಂತ ಹೆಚ್ಚು. ಹಾಳೆ ಅಂಟಿಸಿ ಮಡಚಬೇಕು, ಕಾಗದ ಶಿವಮೊಗ್ಗದಿಂದ ತರಿಸಿದ್ದೇನೆ. ಗಲ್ ವಿಹಾರದಲ್ಲಿ ಬಂಡೆಗೆ ಕೆತ್ತಿದ ಬುದ್ಧರನ್ನು ಬರೆಯುವ ಧೈರ್ಯಕ್ಕೆ ಹೋಗುವುದಿಲ್ಲ, ಅವರ ಜಾಗವನ್ನು ಗುರುತಿಸಿದರೆ ಸಾಕು.

ಅಯುತ್ತಾಯ (ಹಾಳೆ ಮುಗಿದಿದೆ)

ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ರೈಲಿದೆ, ಊರೊಳಗೆ ಬಾಡಿಗೆ ಸೈಕಲ್ ಸಿಗುತ್ತದೆ. ಬಹಳ ಜನ ಬೆಳಗ್ಗೆ ಬಂದು ಸಂಜೆ ಹಿಂದಿರುಗುತ್ತಾರೆ. ದಯವಿಟ್ಟು ಒಂದು ರಾತ್ರಿಯಾದರೂ ಉಳಿಯಿರಿ. ಚಾವೊ ಫ್ರಾಯ, ಲೋಪ್‌ಬುರಿ, ಪಾಸಕ್ ನದಿಗಳು ಸುತ್ತುವರಿದ ದ್ವೀಪ ಇದು. ನದಿಯ ದಡ ಹಿಡಿದು ಒಂದು ಸುತ್ತು ಬಂದರೆ ಮಾತ್ರ 14ನೆಯ ಶತಮಾನದ ನಡುವಿನಲ್ಲಿ ಈ ಜಾಗವನ್ನೇ ಏಕೆ ಆರಿಸಿದರು ಎಂಬುದು ತಿಳಿಯುತ್ತದೆ. ನಾಲ್ಕು ಕಡೆಯೂ ನೀರೇ ಕಂದಕ, ಅದೇ ನೀರು ಕಡಲಿನ ವ್ಯಾಪಾರಕ್ಕೆ ದಾರಿ. ಪೋರ್ಚುಗೀಸರು, ಡಚ್ಚರು, ಜಪಾನಿಯರು ದ್ವೀಪದ ಹೊರಗೆ ತಮ್ಮತಮ್ಮ ಕೇರಿ ಕಟ್ಟಿಕೊಂಡಿದ್ದರು. ಅವನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದೇನೆ.

ಬರ್ಮಾದ ಸೇನೆ ಈ ನಗರವನ್ನು ಸುಟ್ಟದ್ದು 1767ರಲ್ಲಿ. ಬಿದನೂರು ಬಿದ್ದ ನಾಲ್ಕೇ ವರ್ಷಕ್ಕೆ! ಬಿದನೂರಿನ ರಾಣಿ ವೀರಮ್ಮಾಜಿ ಸೆರೆಯಾದ ಕಾಲಕ್ಕೆ ಅಯುತ್ತಾಯದ ಬೀದಿಗಳಲ್ಲಿ ಇನ್ನೂ ವ್ಯಾಪಾರ ನಡೆಯುತ್ತಿತ್ತು ಎಂದು ಯೋಚಿಸಿದಾಗ ನನಗೆ ಎರಡೂ ಊರುಗಳು ಹೊಸ ರೀತಿಯಲ್ಲಿ ಕಾಣಿಸಿದವು. ತಾಕ್ಸಿನ್ ದೊರೆ ಥೊನ್‌ಬುರಿಗೆ ಹೋದ, 1782ರಲ್ಲಿ ರಾಜಧಾನಿ ನದಿ ದಾಟಿ ಬ್ಯಾಂಕಾಕಾಯಿತು, ಅದನ್ನು ಕಟ್ಟಲು ಅಯುತ್ತಾಯದ ಇಟ್ಟಿಗೆಗಳನ್ನೇ ದೋಣಿಗಳಲ್ಲಿ ಸಾಗಿಸಿದರು. ವಾಟ್ ಮಹಾಥಾತ್‌ನಲ್ಲಿ ಮರದ ಬೇರುಗಳ ನಡುವೆ ಬುದ್ಧನ ತಲೆ ಇದೆ. ಅಲ್ಲಿ ಚಿತ್ರ ತೆಗೆಸಿಕೊಳ್ಳುವವರು ಆ ತಲೆಗಿಂತ ತಗ್ಗಾಗಿ ಕೂರಬೇಕು. ಒಳ್ಳೆಯ ನಿಯಮ.

ಸುಖೋಥಾಯ್ (ಗೋಡೆಯವರೆಗೆ)

ಇದೂ ಥಾಯ್ಲೆಂಡಿನದೇ. ಫಿತ್ಸನುಲೋಕ್‌ವರೆಗೆ ರೈಲು, ಮುಂದೆ ಬಸ್. ಸುಮಾರು ಎರಡು ಕಿಲೋಮೀಟರ್ ಉದ್ದ, 1.6 ಕಿಲೋಮೀಟರ್ ಅಗಲದ ಆಯತಾಕಾರದ ಊರು, ಹಾಳೆಗೆ ಹೇಳಿ ಮಾಡಿಸಿದ ಹಾಗಿದೆ. ವಾಟ್ ಮಹಾಥಾತ್‌ನ ಕಂಬಗಳ ಹತ್ತಿರ ಹೋದಾಗ ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ: ನಮ್ಮಲ್ಲಿ ಪಾಗಾರಕ್ಕೆ ಹಾಕುವ ಜಂಬಿಟ್ಟಿಗೆ. ಅವೇ ತೂತುಗಳು, ಅದೇ ಕಂದುಗೆಂಪು. ನೆಲದಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಒರಟು ಮುಚ್ಚಲು ಮೇಲೆ ಗಾರೆ ಮೆತ್ತಿದ್ದರು. ಒಂದೊಂದು ಕಡೆ ಅಂಗೈಯಗಲದ ಗಾರೆ ಉಳಿದಿದೆ. ಕಂಬದ ಕಲ್ಲನ್ನೂ ತೀರ್ಥಹಳ್ಳಿ ಕಡೆಯ ಹಳೆಯ ಗೋಡೆಯೊಂದರ ಕಲ್ಲನ್ನೂ ಪಕ್ಕಪಕ್ಕ ಬರೆಯುವುದು ಬಾಕಿ.

ಮುಂದಿನದು ವಿಯೆಟ್ನಾಮಿನ ಹ್ಯೂ, 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿ. ದಾರಿಯಲ್ಲಿ ಚಂಪಾದ ಅರಸರು ಇಟ್ಟಿಗೆಯಲ್ಲಿ ಕಟ್ಟಿಸಿದ ಮಿ ಸೋನ್‌ನ ಶಿವಾಲಯಗಳನ್ನೂ ನೋಡಬೇಕು. ಆ ಕರಾವಳಿಗೆ ಅಕ್ಟೋಬರ್, ನವೆಂಬರಿನಲ್ಲಿ ನೆರೆ ಬರುತ್ತದೆ, ಆದ್ದರಿಂದ ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರಿ ಅಥವಾ ಮಾರ್ಚಿನಲ್ಲಿ ಹೊರಡುವ ಯೋಚನೆ. ಭಾವ ಬರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಪೊಲೊನ್ನರುವದ ಏರಿ ಮುಗಿಯಬೇಕು, ಮೊದಲು ಬೇರೆ ಅಳತೆಯಲ್ಲಿ ಬರೆದಿದ್ದ ಇಕ್ಕೇರಿಯ ಹಾಳೆಯನ್ನೂ ಈ ಅಳತೆಗೆ ಮತ್ತೊಮ್ಮೆ ಬರೆಯಬೇಕು.