ಡ್ರೈನ್‌ನಲ್ಲಿ ಏರಿದ ಕೆಂಪು ಗೆರೆ

ಥೈರಾಯ್ಡ್ ಆಪರೇಷನ್ ಮುಗಿದು ಕತ್ತಿಗೆ ಡ್ರೆಸ್ಸಿಂಗ್ ಕೂಡ ಆಗಿತ್ತು. ಒಬ್ಬರು ರೋಗಿಯ ಭುಜ ತಟ್ಟುತ್ತಾ "ಕಣ್ಣು ಬಿಡಿ ಅಮ್ಮಾ, ಕಣ್ಣು ಬಿಡಿ" ಎಂದು ಕೂಗುತ್ತಿದ್ದರೆ, ಇನ್ನೊಬ್ಬರು ಅದೇ ಹೊತ್ತಿಗೆ ಗಂಟಲ ಸ್ರಾವ ಹೀರುವ ಸಕ್ಷನ್ ನಳಿಕೆಯನ್ನು ಗಂಟಲಿಗೆ ಇಳಿಸಿದರು. ಶುರುವಾಯಿತು ಕೆಮ್ಮು. 124 ಇದ್ದ ಬಿಪಿ 190 ದಾಟಿತು. ಗಾಯದೊಳಗಿನ ರಕ್ತ ಹೊರಹರಿಸುವ ಕೊಳವೆಯಲ್ಲಿ, ಅಂದರೆ ಡ್ರೈನ್‌ನಲ್ಲಿ, ಕೆಂಪು ಗೆರೆ ಏರಿತು. "ಒಂದೊಂದೇ ರಕ್ತನಾಳ ಹುಡುಕಿ ಕಟ್ಟಿದ್ದೆನಲ್ರೀ" ಎಂದರು ಸರ್ಜನ್. ಆ ಗೆರೆ ವಾರವಿಡೀ ಕಣ್ಣಿಗೆ ಕಟ್ಟಿಕೊಂಡಿದೆ.

ಸರ್ಜನ್ ಸಿಟ್ಟಾದದ್ದು ನ್ಯಾಯವೇ. ಕತ್ತಿನೊಳಗೆ ರಕ್ತ ಕಟ್ಟಿಕೊಂಡರೆ ಉಸಿರಿಗೇ ಸಂಚಕಾರ. ಮಿದುಳು, ಕಣ್ಣು, ಹರ್ನಿಯಾದ ಹೊಲಿಗೆ, ಬಳಲಿದ ಹೃದಯ, ಇವಕ್ಕೂ ಆ ಎರಡು ನಿಮಿಷದ ಕೆಮ್ಮು ದುಬಾರಿ.

ಅರಿವಳಿಕೆ ಇಳಿಯುವಾಗ ಮಾತು ತಿಳಿಯುವ ಮೊದಲೇ ಕೆಮ್ಮು ಮರಳಿರುತ್ತದೆ. ಆ ಅರೆಎಚ್ಚರದಲ್ಲಿ ಗಂಟಲು ಕೆದಕುವುದು, ತಲೆ ಅಲ್ಲಾಡಿಸುವುದು, ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ಎಳೆಯುವುದು ಮೂರೂ ತಪ್ಪು. ಕೊನೆಯದಂತೂ ಧ್ವನಿಪೆಟ್ಟಿಗೆಯನ್ನೇ ಬಿಗಿದು ಮುಚ್ಚಿಸಬಹುದು. ಸಕ್ಷನ್ ಆಗಬೇಕಾದದ್ದು ರೋಗಿ ಇನ್ನೂ ಗಾಢ ನಿದ್ರೆಯಲ್ಲಿರುವಾಗ. ಸ್ನಾಯು ಸಡಿಲಿಸುವ ಔಷಧದ ಪ್ರಭಾವವನ್ನೂ ಎಚ್ಚರಕ್ಕೆ ಮೊದಲೇ ಇಳಿಸಿ, ಸ್ನಾಯುಬಲ ಎಷ್ಟು ಮರಳಿದೆಯೆಂದು ತೋರುವ ಟಿಓಎಫ್ ಅನುಪಾತ 0.9 ಮುಟ್ಟಿದ್ದನ್ನು ಯಂತ್ರದಲ್ಲಿ ನೋಡಬೇಕು, ಅಂದಾಜಿನಲ್ಲಲ್ಲ. ಟ್ಯೂಬ್‌ನ ಕಫ್‌ನ (ಶ್ವಾಸನಾಳದಲ್ಲಿ ಉಬ್ಬಿ ಕೂರುವ ಗಾಳಿಚೀಲದ) ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿರಲಿ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಟ್ಟಿದ್ದರೆ ಅದು ಕಫ್‌ನೊಳಗೆ ನುಸುಳಿ ಒತ್ತಡ ಏರಿಸುತ್ತಾ ಹೋಗುತ್ತದೆ. ಬೆರಳಲ್ಲಿ ಅದುಮಿ ನೋಡಿದರೆ ಇದು ತಿಳಿಯುವುದಿಲ್ಲ, ಮಾಪಕವೇ ಬೇಕು.

ಕೆಮ್ಮು ತಡೆಯುವ ಔಷಧಗಳಲ್ಲಿ ಸುಲಭಕ್ಕೆ ಸಿಗುವುದು ಸ್ಥಳೀಯ ಅರಿವಳಿಕೆಯಾದ ಲಿಗ್ನೊಕೇನ್: ಕಿಲೋಗೆ 1ರಿಂದ 1.5 ಮಿ.ಗ್ರಾಂ., ರಕ್ತನಾಳಕ್ಕೆ. 60 ಕಿಲೋ ತೂಕದವರಿಗೆ 2 ಪರ್ಸೆಂಟ್ ದ್ರಾವಣ 3ರಿಂದ 4.5 ಮಿ.ಲೀ. ಟ್ಯೂಬ್ ತೆಗೆಯುವ ಒಂದೆರಡು ನಿಮಿಷ ಮೊದಲು ಕೊಡಬೇಕು. ಹೊಲಿಗೆ ಹಾಕುವಾಗಲೇ ಕೊಟ್ಟು ನಿಶ್ಚಿಂತರಾದರೆ ಬೇಕಾದ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಗಾಯದ ಸುತ್ತ ಚುಚ್ಚಿದ ಸ್ಥಳೀಯ ಅರಿವಳಿಕೆಯನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಲೇಬೇಕು.

ಬೇಗ ಇಳಿಯುವ ಓಪಿಯಾಯ್ಡ್ ನೋವುನಿವಾರಕ ರೆಮಿಫೆಂಟಾನಿಲ್ ಇದ್ದರೆ ಪೂರ್ತಿ ನಿಲ್ಲಿಸದೆ ಸಣ್ಣ ಪ್ರಮಾಣದಲ್ಲಿ ಓಡಿಸುವುದು ಇನ್ನೂ ಚೆನ್ನ. ರೋಗಿಗಳು ಕಣ್ಣು ಬಿಟ್ಟು, ಹೇಳಿದಾಗ ಉಸಿರೆಳೆಯುತ್ತಾರೆ, ಟ್ಯೂಬ್ ಇದೆಯೆಂಬ ಪರಿವೆಯೇ ಇರುವುದಿಲ್ಲ. ಆದರೆ ಟ್ಯೂಬ್ ತೆಗೆದೊಡನೆ ಅದನ್ನು ನಿಲ್ಲಿಸಿ, ಡ್ರಿಪ್ ಕೊಳವೆಯಲ್ಲಿ ಉಳಿದದ್ದನ್ನೂ ಹೊರತೆಗೆಯಬೇಕು. ಇಲ್ಲವಾದರೆ ವಾರ್ಡಿನಲ್ಲಿ ಯಾರೋ ಡ್ರಿಪ್ ಜೋರು ಮಾಡಿದಾಗ ಉಸಿರು ನಿಲ್ಲುತ್ತದೆ. ಮಂಪರು ತರಿಸುವ ಡೆಕ್ಸ್‌ಮೆಡಿಟೊಮಿಡಿನ್ ಕಿಲೋಗೆ 0.5 ಮೈಕ್ರೋಗ್ರಾಂ ಕೊಡುವುದಾದರೆ 10 ನಿಮಿಷ ಹಿಡಿಯಬೇಕು. ಅವಸರದಲ್ಲಿ ನೂಕಿದರೆ ಬಿಪಿ ಏರಿ, ನಾಡಿ ಕುಸಿಯುತ್ತದೆ. ಬೀಟಾ ಬ್ಲಾಕರ್ ಎಸ್ಮೊಲಾಲ್ ನಾಡಿ, ಬಿಪಿಗಳನ್ನು ತಗ್ಗಿಸುತ್ತದೆ, ಕೆಮ್ಮಿಗೆ ಏನೂ ಮಾಡದು. ಮಾನಿಟರ್ ಚೆಂದ ಕಾಣುತ್ತದೆ, ಕತ್ತಿನ ಹೊಲಿಗೆ ಮಾತ್ರ ಹಾಗೆಯೇ ಜಗ್ಗುತ್ತಿರುತ್ತದೆ.

ಗಾಢ ನಿದ್ರೆಯಲ್ಲೇ ಟ್ಯೂಬ್ ತೆಗೆಯುವ ದಾರಿಯೂ ಇದೆ. ಹೊಟ್ಟೆ ತುಂಬಿದವರಿಗೆ, ಟ್ಯೂಬ್ ಹಾಕುವುದೇ ಕಷ್ಟವಾಗಿದ್ದವರಿಗೆ ಆ ಮಾತೇ ಬೇಡ.

ಮತ್ತೆ ಮತ್ತೆ ನೆನಪಾಗುವುದು ಭುಜ ತಟ್ಟುತ್ತಿದ್ದ ಆ ಕೈ. ಪಾಪ, ಮುಂದಿನ ಕೇಸು ಬಾಗಿಲಲ್ಲಿ ಕಾದಿತ್ತು. ಆದರೂ ಡ್ರೆಸ್ಸಿಂಗ್ ಅಂಟಿಸುವಾಗ ನಿದ್ರೆಯಲ್ಲಿಡುವ ಸೆವೊಫ್ಲುರೇನ್ ಅನಿಲದ ಡಯಲ್ ಇನ್ನೂ ತೆರೆದೇ ಇತ್ತು, ಸಕ್ಷನ್ ನಳಿಕೆ ದಿಂಬಿನ ಪಕ್ಕದಲ್ಲೇ ಬಿದ್ದಿತ್ತು.